ಕಾಪುವಿನ ಎಲೆ, ಮಣಿಪಾಲದ ಸಿನಿಮಾ

ಹಳೆಯ ಸಿನಿಮಾಗಳಲ್ಲಿ ನನ್ನಂಥವನು ಬರುವುದೇ ಕುಡಿದುಕೊಂಡು. ಬಾಗಿಲು ಒದೆಯುತ್ತಾನೆ, ಹೆಂಡತಿಯ ಟ್ರಂಕಿನಿಂದ ಬಳೆ ಎತ್ತುತ್ತಾನೆ, ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತ ಮಗುವನ್ನು ನೋಡಿ, ಯಾರದೋ ಮಗುವಿಗೆ ನಾನು ಯಾಕೆ ಅನ್ನ ಹಾಕಬೇಕು ಎಂದು ಗುಡುಗುತ್ತಾನೆ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಕೊನೆಯಲ್ಲಿ ಪೊಲೀಸರು ಬಂದು ಕರೆದೊಯ್ಯುವವರೆಗೆ ಅವನನ್ನು ಕೇಳುವವರಿಲ್ಲ. ಮಲತಾಯಿಗಾದರೂ ಕೈತುಂಬ ಕೆಲಸವಿತ್ತು: ತಂಗಳನ್ನ ಬಡಿಸಬೇಕು, ಡಬ್ಬಿಗೆ ಬೀಗ ಹಾಕಬೇಕು, ಗಂಡ ಮನೆಗೆ ಬಂದೊಡನೆ ಮಗುವಿನ ತಲೆ ಸವರಬೇಕು. ಮಲತಂದೆಗೆ ಅಷ್ಟು ಸೂಕ್ಷ್ಮವನ್ನೂ ಯಾರೂ ಕೊಟ್ಟಿರಲಿಲ್ಲ.

ಕಾರ್ಕಳದ ಟಾಕೀಸಿನಲ್ಲಿ ನಾನು ಚಿಕ್ಕವನಿದ್ದಾಗ ನೋಡಿದ್ದು ಇಂಥವನ್ನೇ. ನನ್ನ ಅಮ್ಮನಿಗೆ ಮಲತಾಯಿ ಇರುವ ಚಿತ್ರವೆಂದರೆ ಪ್ರಾಣ. ಬೀಡಿ ಕಟ್ಟಿ ಮುಗಿಸಿ, ಸೆರಗಿನಲ್ಲಿ ಹುರಿದ ಕಡಲೆ ಕಟ್ಟಿಕೊಂಡು ಹೊರಟರೆ, ಬರುವಾಗ ಕಣ್ಣು ಕೆಂಪಾಗಿ, ಮನಸ್ಸು ಹಗುರಾಗಿ ಬರುತ್ತಿದ್ದಳು. "ನಿನ್ನ ಅದೃಷ್ಟ, ಸ್ವಂತ ಅಮ್ಮ ಉಂಟು ನಿನಗೆ" ಎಂದು ದಾರಿಯುದ್ದಕ್ಕೂ ನನಗೆ ಹೇಳುವುದು. ಹೀಗೆ ಹೇಳಿ ಹೇಳಿಯೇ ನನ್ನ ಕೈಯಿಂದ ಮನೆಗೆಲಸವನ್ನೆಲ್ಲ ಮಾಡಿಸಿಕೊಂಡಳು ಎನ್ನುವುದು ಬೇರೆ ಮಾತು.

ಅದೇ ಕಾರ್ಕಳದ ಒಂದು ಗ್ಯಾರೇಜಿನಲ್ಲಿ ಬೈಕು ತೊಳೆಯುತ್ತ ಶುರುಮಾಡಿದವನು ನಾನು. ಈಗ ಉದ್ಯಾವರದಲ್ಲಿ ಹೆದ್ದಾರಿಯ ಬದಿಗೆ ಸೆಕೆಂಡ್ ಹ್ಯಾಂಡ್ ಬೈಕು, ಸ್ಕೂಟರುಗಳ ಅಂಗಡಿ ಇಟ್ಟಿದ್ದೇನೆ. ಇಷ್ಟು ವರ್ಷದಲ್ಲಿ ಕಲಿತದ್ದನ್ನು ಪುಕ್ಕಟೆ ಹೇಳುತ್ತೇನೆ, ಬೇಕಾದವರು ಇಟ್ಟುಕೊಳ್ಳಿ. ಹಳೆಯ ಗಾಡಿ ಕೊಳ್ಳುವಾಗ ಬಣ್ಣ ನೋಡಬೇಡಿ, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಿ. ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದಾರೆಂದರೆ ಅಲ್ಲಿ ಏನೋ ಉಂಟು. ಸಿನಿಮಾಗಳನ್ನೂ ನಾನು ಹೀಗೆಯೇ ನೋಡುವುದು. ಮೊದಲ ದೃಶ್ಯದಲ್ಲೇ ಪಿಟೀಲು ಕುಯ್ಯಲು ಹತ್ತಿದರೆ ನನಗೆ ಅನುಮಾನ.

ನನ್ನ ಹೆಂಡತಿ ಮೊದಲು ನನ್ನ ಅಂಗಡಿಗೆ ಬಂದದ್ದು ತೀರಿಕೊಂಡ ಗಂಡನ ಬೈಕು ಮಾರಲು. ಸಿನಿಮಾದವರಾಗಿದ್ದರೆ ಅಲ್ಲೇ ಒಂದು ಹಾಡು ಹಾಕುತ್ತಿದ್ದರು. ನಾವು ಚೌಕಾಸಿ ಮಾಡಿದೆವು. ನಾನು ಕ್ಲಚ್ ಪ್ಲೇಟ್ ಹೋಗಿದೆ ಎಂದೆ, ಅವಳು ಹೋದ ತಿಂಗಳಷ್ಟೇ ಹಾಕಿಸಿದ್ದು ಎಂದು ಬಿಲ್ಲು ತೋರಿಸಿದಳು. ನಾನು ಟೈರ್ ಸವೆದಿದೆ ಎಂದೆ, ಅವಳು "ಅದಕ್ಕೇ ಅಲ್ವಾ ಸೆಕೆಂಡ್ ಹ್ಯಾಂಡ್ ಅಂತ ಹೇಳುವುದು?" ಎಂದಳು. ಅವಳ ಮಗಳು ಪಕ್ಕದಲ್ಲಿ ನಿಂತು ಬೈಕಿನ ಕನ್ನಡಿ ಹಿಡಿದುಕೊಂಡಿದ್ದಳು. ಗಾಡಿ ಒಳಗೆ ಹೋಗುವವರೆಗೂ ಕೈ ಬಿಡಲಿಲ್ಲ. ಆಗ ಅವಳಿಗೆ ಹತ್ತು ವರ್ಷ ಇರಬೇಕು. ತಾಯಿ ಮಗಳು ಆಗ ಅಲೆವೂರಿನ ತವರಿನಲ್ಲಿದ್ದರು, ತಾಯಿಗೆ ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸ. ಎರಡು ವರ್ಷದ ನಂತರ ನಾವು ಮದುವೆಯಾದೆವು.

ಹುಡುಗಿ ನನ್ನನ್ನು ಅಂಕಲ್ ಎನ್ನುತ್ತಾಳೆ. ನನಗೇನೂ ಬೇಸರವಿಲ್ಲ, ಅಂಗಡಿಗೆ ಬರುವ ಕಾಲೇಜು ಹುಡುಗರೂ ಹಾಗೆಯೇ ಕರೆಯುವುದು. ಎರಡನೇ ಮದುವೆ ಆಗುವವರಿಗೆ ನನ್ನದೊಂದು ಮಾತು: ಮಕ್ಕಳಿಗೆ ಮೊದಲ ದಿನವೇ ಸೈಕಲ್ಲು, ವಾಚು ಎಂದು ತಂದು ಸುರಿಯಬೇಡಿ. ಆಸೆಯಿಂದ ತೆಗೆದುಕೊಳ್ಳುತ್ತಾರೆ, ಆಮೇಲೆ ಅದನ್ನು ಮುಟ್ಟುವಾಗೆಲ್ಲ ಯಾರಿಗೋ ಮೋಸ ಮಾಡಿದ ಹಾಗೆ ಒದ್ದಾಡುತ್ತಾರೆ. ಬದಲಿಗೆ ಟಿವಿಯ ರಿಮೋಟ್ ಕೊಡಿ. ನಾನು ಅದನ್ನೇ ಕೊಟ್ಟೆ. ಹಾಗೆ ನಮ್ಮ ಮನೆಯಲ್ಲಿ ಸಿನಿಮಾ ಶುರುವಾಯಿತು. ಕನ್ನಡ, ತುಳು, ಮಲಯಾಳ, ಹಿಂದಿ, ಅವಳು ಹಾಕಿದ್ದು ನಾನು ನೋಡುವುದು. ತಿಂಗಳಿಗೊಮ್ಮೆ ಮಣಿಪಾಲದ ದೊಡ್ಡ ಪರದೆಗೆ ಹೋಗುವುದು. ಅಲ್ಲಿ ನಮ್ಮ ಜಾಗವೂ ನಿಗದಿ: ನಡುವೆ ಹೆಂಡತಿ, ಆಚೆ ಮಗಳು, ಈಚೆ ನಾನು, ಪಾಪ್‌ಕಾರ್ನ್ ಹೆಂಡತಿಯ ಮಡಿಲಲ್ಲಿ.

ಈಗಿನ ಸಿನಿಮಾಗಳಲ್ಲಿ ಇಂಥ ಸಂಸಾರಗಳನ್ನು ಎಷ್ಟು ಚೆಂದ ತೋರಿಸುತ್ತಾರೆ ಎಂದು ನನಗೆ ಗೊತ್ತಾದದ್ದು ಹೀಗೆ. ಒಂದು ಚಿತ್ರದಲ್ಲಿ ಬೇರೆ ಬೇರೆ ತಾಯಂದಿರ ಇಬ್ಬರು ಹುಡುಗಿಯರು ಒಂದೇ ಕೋಣೆಯಲ್ಲಿ ಮಲಗಬೇಕು. ಒಬ್ಬಳಿಗೆ ಸೆಕೆ, ಒಬ್ಬಳಿಗೆ ಚಳಿ. ಇಡೀ ಕತೆ ಫ್ಯಾನಿನ ರೆಗ್ಯುಲೇಟರಿನ ಮೇಲೆ ನಡೆಯುತ್ತದೆ. ಇವಳು ಎದ್ದು ಜೋರು ಮಾಡುವುದು, ಅವಳು ಎದ್ದು ಕಡಿಮೆ ಮಾಡುವುದು. ಅಪ್ಪ ಅಮ್ಮ ಪಕ್ಕದ ಕೋಣೆಯಲ್ಲಿ ಆ ಟಕಟಕ ಕೇಳುತ್ತ ಉಸಿರು ಬಿಗಿ ಹಿಡಿದು ಮಲಗಿದ್ದಾರೆ. ಕೊನೆಯಲ್ಲಿ ಇಬ್ಬರೂ ಅಪ್ಪಿಕೊಂಡು ಅಳುತ್ತಾರೆಂದು ನಾನು ಕಾದೆ. ಅಳಲಿಲ್ಲ. ಚಳಿಯವಳು ಅಂಗಡಿಗೆ ಹೋಗಿ ಒಂದು ಜೊತೆ ಕಾಲುಚೀಲ ಕೊಂಡುಕೊಂಡಳು. ಅಷ್ಟೇ ಕತೆ.

"ಎಂತ ಇದು, ಮುಗೀತಾ?" ಎಂದು ನಾನು ಕೇಳಿದೆ.

"ಮುಗೀತು ಅಂಕಲ್. ನಿಮಗೆ ಫೈಟ್ ಬೇಕಿತ್ತಾ?" ಎಂದಳು ಹುಡುಗಿ.

ಮನೆಗೆ ಬಂದು ಯೋಚಿಸಿದರೆ, ಇದಕ್ಕಿಂತ ಸರಿಯಾದ ರಾಜಿ ನನ್ನ ವ್ಯಾಪಾರದಲ್ಲೂ ನಾನು ಕಂಡಿಲ್ಲ. ಯಾರೂ ಗೆಲ್ಲಲಿಲ್ಲ, ಫ್ಯಾನು ತಿರುಗುತ್ತಲೇ ಇದೆ.

ಇನ್ನೊಂದರಲ್ಲಿ ಮೊದಲ ಗಂಡ ಬದುಕಿದ್ದಾನೆ. ಶನಿವಾರ ಬಂತೆಂದರೆ ಮಗಳನ್ನು ಕರೆದೊಯ್ಯಲು ಬರುತ್ತಾನೆ. ಹಳೆಯ ಕಾಲದ ಚಿತ್ರವಾಗಿದ್ದರೆ ಇಬ್ಬರು ಗಂಡಸರಿಗೂ ಕಾಲರು ಹಿಡಿದು ಹೊಡೆದಾಟ. ಇಲ್ಲಿ ಅವನು ಗೇಟಿನ ಹೊರಗೇ ನಿಲ್ಲುತ್ತಾನೆ. ಗೇಟು ತೆರೆದಿದ್ದರೂ ಒಳಗೆ ಕಾಲಿಡುವುದಿಲ್ಲ, ಮೊಬೈಲು ನೋಡುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ. ಕರೆಯುವವರೆಗೆ ನಿಲ್ಲುವುದು. ಆ ನಟ ಬರೀ ನಿಂತೇ ಅಷ್ಟೂ ಹೇಳಿದ. ನನ್ನ ಹೆಂಡತಿ ಆ ದಿನ ಪಾಪ್‌ಕಾರ್ನ್ ಮುಟ್ಟಲಿಲ್ಲ.

ಇವುಗಳನ್ನು ಮಾಡಿದವರಿಗೆ ಕೈ ಮುಗಿಯಬೇಕು. ಇಂಥ ಮನೆಯಲ್ಲಿ ದುಷ್ಟರು ಯಾರೂ ಇಲ್ಲದೆಯೂ ಕಷ್ಟ ಇರುತ್ತದೆ ಎಂದು ಅವರು ಕಂಡುಕೊಂಡಿದ್ದಾರೆ. ನನ್ನ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಯಾರೂ ತಂಗಳನ್ನ ಬಡಿಸುವುದಿಲ್ಲ. ಆದರೂ ಒಂದು ಕಷ್ಟ ಇತ್ತು. ಅದು ಹುಡುಗಿಯದು.

ನಮ್ಮಲ್ಲಿ ಆಟಿ ತಿಂಗಳಲ್ಲಿ, ಎಂದರೆ ಮಳೆ ಜೋರಾಗಿ ಹಿಡಿದಿರುವ ದಿನಗಳಲ್ಲಿ, ಮನೆಯಲ್ಲಿ ತೀರಿಕೊಂಡವರಿಗೆ ಬಡಿಸುವ ಕ್ರಮ ಉಂಟು. ಒಳಕೋಣೆಯಲ್ಲಿ ದೀಪ ಹಚ್ಚಿ, ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ ಹಾಕಿ, ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನು ಬಡಿಸುತ್ತಾರೆ. ಮೀನು, ಕೋಳಿ, ದೋಸೆ, ಯಾರಿಗೆ ಏನೋ ಅದು. ಮತ್ತೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುವುದು. ಬಂದವರು ಉಂಡು ಹೋಗಲಿಕ್ಕೆ ಸ್ವಲ್ಪ ಹೊತ್ತು ಕೊಟ್ಟು, ಬಾಗಿಲು ತಟ್ಟಿ ತೆರೆದು, ಆ ಅನ್ನವನ್ನು ಮನೆಯವರು ಹಂಚಿಕೊಂಡು ಉಣ್ಣುವುದು. ಹುಡುಗಿಯ ಅಪ್ಪನಿಗೆ ಎಲೆ ಹಾಕುವುದು ಅವನು ಹುಟ್ಟಿದ ಮನೆಯಲ್ಲಿ, ಕಾಪುವಿನಲ್ಲಿ. ಮೊದಲೆಲ್ಲ ಆ ದಿನ ಅವಳು ಅಲ್ಲೇ ಇರುತ್ತಿದ್ದಳು. ತಾಯಿಯ ಎರಡನೇ ಮದುವೆಯ ನಂತರ ಕಾಪುವಿನಿಂದ ಕರೆ ಬರಲಿಲ್ಲ. ಒಂದು ಆಟಿ ಹೋಯಿತು, ಇನ್ನೊಂದು ಆಟಿಯೂ ಹೋಯಿತು. ಅಪ್ಪನ ಎಲೆಯ ಮುಂದೆ ನಿಲ್ಲಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ಬಾಯಿ ಬಿಟ್ಟು ಕೇಳುವ ಹುಡುಗಿಯಲ್ಲ. ಆಟಿ ಬಂತೆಂದರೆ ಊಟ ಕಡಿಮೆ, ಮಾತು ಕಡಿಮೆ.

ಮೂರನೆಯ ಆಟಿಗೆ ಸ್ವಲ್ಪ ಮೊದಲು ನಾವು ಮಣಿಪಾಲದಲ್ಲಿ ಇನ್ನೊಂದು ಚಿತ್ರ ನೋಡಿದೆವು. ಅದರಲ್ಲಿ ಮಲತಂದೆ ಒಂದು ಭಾನುವಾರ ತನ್ನ ಫ್ಲ್ಯಾಟಿನ ಗೋಡೆಗೆ, ಹುಡುಗನ ತೀರಿಕೊಂಡ ಅಪ್ಪನ ಫೋಟೊ ಹಾಕುತ್ತಾನೆ. ಮೊಳೆ ಬಗ್ಗುತ್ತದೆ. ಇನ್ನೊಂದು ಹೊಡೆಯುತ್ತಾನೆ, ಅದೂ ಬಗ್ಗುತ್ತದೆ. ಕಾಂಕ್ರೀಟು ಗೋಡೆ, ಡ್ರಿಲ್ಲು ಬೇಕು ಎಂದು ನನಗೆ ಕೂಗಬೇಕೆನಿಸಿತು. ಅಷ್ಟರಲ್ಲಿ ಆ ಹುಡುಗ ಬಂದು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಮೂರನೆಯ ಮೊಳೆ ಇಳಿಯುತ್ತದೆ. ಆಚೆ ಸೀಟಿನಲ್ಲಿ ನಮ್ಮ ಹುಡುಗಿ ಕತ್ತಲೆಯಲ್ಲಿ ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು.

ಚಿತ್ರ ಮುಗಿದ ಮೇಲೆ ಐಸ್‌ಕ್ರೀಮ್ ತಿನ್ನಲು ಕುಳಿತೆವು. ಗಡ್‌ಬಡ್ ಲೋಟದೊಳಗೆ ಚಮಚ ಆಡಿಸುತ್ತ ಅವಳು, "ಅಂಕಲ್, ಅಪ್ಪನಿಗೆ ನಮ್ಮ ಮನೆಯಲ್ಲೇ ಬಡಿಸಿದ್ರೆ ಆಗ್ತದಾ?" ಎಂದು ಕೇಳಿದಳು.

ಹೆಂಡತಿ ನನ್ನ ಮುಖ ನೋಡಿದಳು. ನನಗೆ ತಲೆಯೊಳಗೆ ದೀಪ ಹೊತ್ತಿದ ಹಾಗಾಯಿತು. ಯಾಕೆ ಆಗಬಾರದು? ಕಾಪುವಿನವರು ಕರೆಯುವುದು ಬೇಡ, ನಾವು ಕಾಯುವುದು ಬೇಡ. ಉದ್ಯಾವರದ ಮನೆಯಲ್ಲಿ ಕೋಣೆ ಉಂಟು, ಬಾಳೆಲೆ ಹಿತ್ತಲಲ್ಲೇ ಉಂಟು. ಇನ್ನೊಬ್ಬನ ಫೋಟೊಗೆ ಗೋಡೆ ಕೊಟ್ಟ ಆ ಮನುಷ್ಯನಿಗಿಂತ, ಎಲೆಗೇ ಜಾಗ ಕೊಡುವ ನಾನು ಒಂದು ಕೈ ಮೇಲೆಯೇ ಆದೆ ಎನಿಸಿತು.

"ಆಗ್ತದೆ. ಆದ್ರೆ ಕಾಪುವಿನವರಿಗೆ ಒಂದು ಮಾತು ಹೇಳ್ಬೇಕು. ಅದನ್ನು ನನಗೆ ಬಿಡು" ಎಂದೆ.

"ನೀವು ಹೇಳುವಾಗ ಬೈಕ್ ಮಾರಿದ ಹಾಗೆ ಹೇಳ್ಬೇಡಿ ಆಯ್ತಾ" ಎಂದಳು ಹೆಂಡತಿ.

ಮರುದಿನವೇ ಕಾಪುವಿಗೆ ಹೋದೆ. ದೀಪಸ್ತಂಭದ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಆ ಮನೆ. ಹುಡುಗಿಯ ಅಜ್ಜಿ ಜಗಲಿಯಲ್ಲಿ ಕುಳಿತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಅವರ ಚಿಕ್ಕ ಮಗ, ಹುಡುಗಿಯ ಚಿಕ್ಕಪ್ಪ, ಅಂಗಳದಲ್ಲಿ ತನ್ನ ರಿಕ್ಷಾಕ್ಕೆ ಮಳೆಯ ಪರದೆ ಕಟ್ಟುತ್ತಿದ್ದ. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಮಾರಾಯ, ಇಷ್ಟು ದೂರ? ನಮ್ಮಲ್ಲಿ ಮಾರ್ಲಿಕ್ಕೆ ಬೈಕ್ ಇಲ್ಲ, ಇದ್ದದ್ದು ನಿನಗೇ ಬಂದಾಯ್ತು" ಎಂದರು ಅಜ್ಜಿ.

ನಾನು ನಗುತ್ತ ಕುಳಿತೆ, ಚಾ ಕುಡಿದೆ, ಮಳೆಯ ಬಗ್ಗೆ ಮಾತಾಡಿದೆ, ಎಲ್ಲ ಸರಿಯಾಗಿಯೇ ಮಾಡಿದೆ. ಮತ್ತೆ ನಮ್ಮ ಯೋಚನೆ ಹೇಳಿದೆ. ಹುಡುಗಿಯ ಅಪ್ಪನಿಗೆ ಇನ್ನು ಮೇಲೆ ಉದ್ಯಾವರದಲ್ಲೇ ಎಲೆ ಹಾಕುತ್ತೇವೆ, ಖರ್ಚೆಲ್ಲ ನನ್ನದು, ನಿಮಗೂ ಈ ಪ್ರಾಯದಲ್ಲಿ ಕೆಲಸ ಕಡಿಮೆಯಾಗುತ್ತದೆ ಎಂದೆ.

ಅಜ್ಜಿಯ ಕೈಯಲ್ಲಿದ್ದ ಬೀಜ ಅಲ್ಲೇ ನಿಂತಿತು.

"ಸೊಸೆಯನ್ನು ಕರ್ಕೊಂಡು ಹೋದಿ. ನಾನು ಮಾತಾಡ್ಲಿಲ್ಲ, ಅವಳಿಗೂ ಪ್ರಾಯ ಉಂಟು, ಒಂದು ಜೀವನ ಬೇಕು ಅಂತ. ಮೊಮ್ಮಗಳನ್ನು ಕರ್ಕೊಂಡು ಹೋದಿ. ಮಗು ತಾಯಿ ಒಟ್ಟಿಗೇ ಇರ್ಬೇಕು, ಅದೂ ಸರಿ. ಈಗ ಸತ್ತ ಮಗನನ್ನೂ ಕರ್ಕೊಂಡು ಹೋಗ್ಲಿಕ್ಕೆ ಬಂದಿದ್ದೀಯಾ?"

ರಿಕ್ಷಾದ ಹತ್ತಿರ ಚಿಕ್ಕಪ್ಪ ಪರದೆಯ ಹಗ್ಗ ಬಿಟ್ಟು ನೆಟ್ಟಗೆ ನಿಂತ.

"ವರ್ಷಕ್ಕೆ ಒಂದು ದಿನ ಅವ ಈ ಮನೆಗೆ ಬರುವುದು. ಒಂದು ದಿನ!" ಎಂದು ಅಜ್ಜಿ ಬೀಜಗಳನ್ನು ಗೆರಸಿಗೆ ಸುರಿದು ಒಳಗೆ ಎದ್ದು ಹೋದರು.

"ನೀವು ಈಗ ಹೋಗಿ" ಎಂದ ಚಿಕ್ಕಪ್ಪ. ಗದರಲಿಲ್ಲ, ಮೆಲ್ಲಗೆ ಹೇಳಿದ. ಅದು ಇನ್ನೂ ಕೆಟ್ಟದಾಗಿತ್ತು.

ವ್ಯಾಪಾರದ ಮೊದಲ ಪಾಠವೆಂದರೆ, ನಮ್ಮ ಕೈಯಲ್ಲಿಲ್ಲದ ಮಾಲನ್ನು ಚೌಕಾಸಿಗೆ ಇಡಬಾರದು. ಕಾರ್ಕಳದ ಗ್ಯಾರೇಜಿನಲ್ಲೇ ನಾನದನ್ನು ಕಲಿತಿದ್ದೆ. ಕಾಪುವಿನ ಜಗಲಿಯಲ್ಲಿ ಕುಳಿತು ಇಟ್ಟದ್ದು ಆ ತಾಯಿಯ ಮಗನನ್ನೇ.

ಮನೆಯಲ್ಲಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿ ಸೋಫಾದ ಮೇಲೆ ಕಾಲು ಮಡಚಿ ಕುಳಿತಳು.

"ಸಿನಿಮಾದಲ್ಲಿ ಅಜ್ಜಿ ಇರ್ಲಿಲ್ಲ ಅಲ್ವಾ" ಎಂದಳು.

ನನಗೆ ಹೊಳೆಯದೆ ಇದ್ದದ್ದು ಅವಳಿಗೆ ಹೊಳೆದಿತ್ತು. ನಿಜವೇ. ಈ ಹೊಸ ಚಿತ್ರಗಳಲ್ಲಿ ಎಲ್ಲರೂ ಫ್ಲ್ಯಾಟಿನಲ್ಲಿರುತ್ತಾರೆ. ಅಪ್ಪ, ಅಮ್ಮ, ಮಕ್ಕಳು, ಒಂದು ಬಾಲ್ಕನಿ. ಸತ್ತವನಿಗೆ ಫೋಟೊ ಉಂಟು, ತಾಯಿ ಇಲ್ಲ. ಗೋಡೆ ಯಾರದೆಂದು ಕೇಳುವವರು ಯಾರೂ ಇಲ್ಲ. ನನಗೆ ಸಿನಿಮಾದ ಮೇಲೆ ಸಿಟ್ಟು ಬರಲಿಲ್ಲ; ಅವರು ತೋರಿಸಿದ್ದು ಆ ಮನೆಯ ಕತೆ. ಬೇರೆಯವರ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದು, ನಮ್ಮ ಗಾಡಿಯೂ ಅದೇ ಗೇರಿನಲ್ಲಿ ಏರು ಹತ್ತಬೇಕೆಂದರೆ ತಪ್ಪು ಯಾರದು?

"ಅಂಕಲ್, ನೀವು ಕೇಳ್ಲಿಕ್ಕೆ ಹೋಗ್ಬೇಕಿತ್ತು. ನೀವು ಕೊಡ್ಲಿಕ್ಕೆ ಹೋದಿರಿ" ಎಂದಳು ಅವಳು.

"ಹಾಗಾದ್ರೆ ಕೇಳುವುದು ಯಾರು?"

"ನಾನೇ ಕೇಳ್ತೇನೆ. ನೀವು ಬಿಟ್ಟು ಬನ್ನಿ, ಸಾಕು."

ಮುಂದಿನ ಭಾನುವಾರ ಅವಳನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಅಂಗಳಕ್ಕೆ ಹೋಗುವ ಧೈರ್ಯ ನನಗಿರಲಿಲ್ಲ. ಅವಳು ಒಳಗೆ ಹೋದಳು, ನಾನು ಗೇಟಿನ ಹೊರಗೆ ಕೊಡೆ ಹಿಡಿದು ನಿಂತೆ. ನಿಂತ ಮೇಲೆ ಆ ಶನಿವಾರದ ಚಿತ್ರ ನೆನಪಾಯಿತು. ಮೊಬೈಲು ಜೇಬಿನಲ್ಲೇ ಬಿಟ್ಟೆ. ಪರದೆಯ ಮೇಲೆ ಆ ನಟ ನಿಂತಾಗ ಸುಲಭವಾಗಿ ಕಂಡಿತ್ತು. ಅವನ ಕಾಲಿನ ಕೆಳಗೆ ಕೆಸರು ಇರಲಿಲ್ಲ, ಎದುರಿನ ಮನೆಯ ನಾಯಿಯೂ ಇರಲಿಲ್ಲ. ಆದರೆ ಹಾಗೆ ನಿಲ್ಲುವುದರಲ್ಲಿ ಒಂದು ಗುಣ ಉಂಟು: ಒಳಗೆ ಏನು ನಡೆಯುತ್ತದೋ ಅದು ಅವರದು ಎಂದು ನಮ್ಮ ದೇಹಕ್ಕೇ ಗೊತ್ತಾಗುತ್ತದೆ. ಬಾಯಿಗೆ ಹೇಳಿಕೊಡಬೇಕಾಗಿಲ್ಲ.

ತುಂಬಾ ಹೊತ್ತಿನ ಮೇಲೆ ಜಗಲಿಯಿಂದ ಕೂಗು ಬಂತು. "ಏ, ಅಲ್ಲಿ ಎಂತ ನಿಂತದ್ದು? ಸಾಲ ವಸೂಲಿಗೆ ಬಂದವನ ಹಾಗೆ! ಆಚೆ ಮನೆಯವರು ನೋಡ್ತಾರೆ. ಒಳಗೆ ಬಾ."

ಹೋದೆ. ಹುಡುಗಿ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದಳು. ಇಬ್ಬರ ಕಣ್ಣೂ ಒದ್ದೆ. ಇಬ್ಬರ ಮೂಗೂ ಒಂದೇ ಥರ ಎಂದು ಆ ದಿನವೇ ನಾನು ನೋಡಿದ್ದು.

"ಎರಡು ವರ್ಷ ಇವಳನ್ನು ಯಾಕೆ ಕಳಿಸ್ಲಿಲ್ಲ?" ಎಂದರು ಅಜ್ಜಿ.

"ನೀವು ಕರೀಲಿಲ್ಲ ಅಂತ."

"ಕರೆದು ನೀವು ಕಳಿಸದೆ ಇದ್ರೆ? ಸಣ್ಣ ಮಗನ ಎದುರು, ಊರವರ ಎದುರು ನನ್ನ ಮುಖ ಎಲ್ಲಿಡ್ಲಿ? ಬೇರೆ ಮನೆಯ ಮಗುವನ್ನು ನಾನು ಯಾವ ಅಧಿಕಾರದಿಂದ ಕರೆಯುವುದು?"

ನಾವು ಕರೆಗಾಗಿ ಕಾಯುತ್ತಿದ್ದೆವು, ಅವರು ನಾವು ಕೇಳಲಿ ಎಂದು ಕಾಯುತ್ತಿದ್ದರು. ಇಬ್ಬರೂ ಮೊದಲ ಮಾತು ಎದುರಿನವರದಾಗಲಿ ಎಂದು ಬಾಯಿ ಮುಚ್ಚಿದ್ದೆವು. ಗಿರಾಕಿಯ ಮುಂದೆ ಅದು ಒಳ್ಳೆಯ ಉಪಾಯ. ಇಲ್ಲಿ ಅದರ ಬೆಲೆ ತೆತ್ತದ್ದು ಹುಡುಗಿ.

ಅಜ್ಜಿ ಷರತ್ತು ಹಾಕಿದರು. ಬಡಿಸುವ ದಿನ ಹುಡುಗಿ ಬರಲಿ. ಅವಳ ಅಮ್ಮ ಬೇಡ. "ಇನ್ನೊಂದು ಮನೆ ಸೇರಿದವಳು ಆ ಕೋಣೆಗೆ ಬರುವ ಕ್ರಮ ಇಲ್ಲ. ಬೇಜಾರು ಮಾಡ್ಬೇಡ ಅಂತ ಅವಳಿಗೆ ಹೇಳು." ನನಗೆ ತಡೆಯಲಾಗದೆ ಬಾಯಿ ತೆರೆಯಿತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮುಚ್ಚಿದೆ. ಬಂದದ್ದು ಯಾವುದಕ್ಕೋ ಅದು ಸಿಕ್ಕಿದಾಗ ಇನ್ನೊಂದನ್ನು ಎಳೆಯಬಾರದು. ಬದಲಿಗೆ ನನಗೆ ನಿಜವಾಗಿಯೂ ಗೊತ್ತಿಲ್ಲದ ಒಂದನ್ನು ಕೇಳಿದೆ: "ಅವರಿಗೆ ಎಂತ ಇಷ್ಟ ಇತ್ತು?"

"ಕಾಣೆ" ಎಂದರು ಅಜ್ಜಿ ಥಟ್ಟನೆ. "ಕಾಣೆ ಮೀನು ಕಂಡ್ರೆ ಬಿಡ್ತಿರ್ಲಿಲ್ಲ ಅವ. ಎಂತ ಮಾಡುವುದು, ಈ ಮಳೆಗೆ ಬೋಟೆಲ್ಲ ದಡದಲ್ಲಿ. ಹೋದ ವರ್ಷವೂ ಒಣ ಬಂಗುಡೆ ಇಟ್ಟದ್ದು. ಬಡಿಸುವಾಗ ನಾಚಿಕೆ ಆಯ್ತು ನನಗೆ."

"ಅದು ನನಗಿರಲಿ" ಎಂದೆ.

ಹೆಂಡತಿಗೆ ಷರತ್ತು ಹೇಳಿದಾಗ ಅವಳು ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. "ಮಗಳು ಹೋಗ್ಲಿ. ಅದೇ ಅಲ್ವಾ ಬೇಕಾದದ್ದು" ಎಂದಳು. ಈ ಹೊಸ ಚಿತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ತಾಯಿಯಾದವಳಿಗೆ ದೊಡ್ಡ ಡೈಲಾಗು ಕೊಡುವುದಿಲ್ಲ, ಕೈಗೆ ಕೆಲಸ ಕೊಡುತ್ತಾರೆ.

ಆಟಿಯಲ್ಲಿ ಕಾಣೆ ಬೇಕೆಂದರೆ ಹೊಳೆಯ ಹಿನ್ನೀರಿಗೇ ಹೋಗಬೇಕು. ಬಡಿಸುವ ದಿನ ಬೆಳಗ್ಗೆ ಕೆಮ್ಮಣ್ಣು ಎಂಬ ಊರಿಗೆ ಹೋದೆ. ತೆಂಗಿನ ತೋಟದಾಚೆ, ನೀರಿನ ಪಕ್ಕದಲ್ಲಿ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಬುಟ್ಟಿಯಲ್ಲಿ ಬೆರಳಷ್ಟು ಉದ್ದದವುಗಳ ನಡುವೆ ಒಳ್ಳೆಯ ನಾಲ್ಕೈದು ಕಾಣೆ. ಇಲ್ಲಿ ಇನ್ನೊಂದು ಸಲಹೆ: ಸತ್ತವರಿಗೆ ಬಡಿಸಲಿಕ್ಕೆ ಎಂದು ಮೀನಿನವರ ಎದುರು ಹೇಳಬೇಡಿ. ನೀವು ಬಿಟ್ಟು ಹೋಗುವುದಿಲ್ಲ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ. ನಾನು ಸುಮ್ಮನೆ ಒಂದು ಮೀನೆತ್ತಿ ಕಿವಿರು ನೋಡಿ, ಮುಖ ಸಪ್ಪಗೆ ಮಾಡಿ, "ಇದಕ್ಕೆ ಇಷ್ಟು ಹೇಳ್ತೀರಾ? ಅರ್ಧಕ್ಕೆ ಕೊಡಿ" ಎಂದೆ.

"ಬೇಡದಿದ್ರೆ ಇಡಿ ಅಣ್ಣಾ. ಮೀನಿನ ಮುಖ ನೋಡ್ಲಿಕ್ಕೆ ದುಡ್ಡಿಲ್ಲ" ಎಂದರು ಆಕೆ.

ಇಟ್ಟೆ. ನಾಲ್ಕು ಹೆಜ್ಜೆ ಹೋದೆ. ಕರೆಯಲಿಲ್ಲ. ತಿರುಗಿ ಬಂದೆ.

"ಕಾಣೆಯೇ ಬೇಕಾ? ಮನೆಯಲ್ಲಿ ಬಾಣಂತಿ ಉಂಟಾ?" ಎಂದು ಕೇಳಿದರು. ನಮ್ಮಲ್ಲಿ ಬಾಣಂತಿಯರಿಗೆ ಕಾಣೆ ಮೀನು ಕೊಡುವ ರೂಢಿ ಉಂಟು.

"ಉಂಟು ಅಂತಲೇ ಇಟ್ಟುಕೊಳ್ಳಿ."

ಆಕೆಯ ಮುಖವೇ ಬದಲಾಯಿತು. "ಅಯ್ಯೋ, ಮೊದಲೇ ಹೇಳ್ಬಾರ್ದಾ? ಗಂಡಾ, ಹೆಣ್ಣಾ?"

"ಹೆಣ್ಣು" ಎಂದೆ.

"ಒಳ್ಳೇದಾಗ್ಲಿ. ತಗೊಳ್ಳಿ, ನೀವು ಹೇಳಿದ್ದಕ್ಕೇ ಕೊಡ್ತೇನೆ." ದೊಡ್ಡ ಮೀನುಗಳನ್ನು ಆರಿಸಿ ಎಲೆಯಲ್ಲಿ ಸುತ್ತಿ, ಮೇಲೆ ಎರಡು ಸಣ್ಣವನ್ನೂ ಹಾಕಿದರು. ಸ್ಕೂಟರ್ ಸ್ಟಾರ್ಟ್ ಮಾಡುವಾಗ ಯೋಚಿಸಿದೆ, ನಾನು ಹೇಳಿದ್ದರಲ್ಲಿ ಕೊನೆಯ ಮಾತು ಸುಳ್ಳಂತೂ ಅಲ್ಲ.

ಸಂಜೆ ಕಾಪುವಿನಲ್ಲಿ ನಾನು ಜಗಲಿಯ ಕೊನೆಯಲ್ಲಿ, ಚಿಕ್ಕಪ್ಪನ ಪಕ್ಕ ಕುಳಿತಿದ್ದೆ. ಒಳಗೆ ಕಾಣೆಯ ಗಸಿ ಕುದಿಯುತ್ತಿತ್ತು. ಹುಡುಗಿ ಅಜ್ಜಿಯ ಹಿಂದೆ ಒಳಗೂ ಹೊರಗೂ ಓಡಾಡುತ್ತಿದ್ದಳು. ಬಡಿಸುವುದಕ್ಕೆ ಒಳಕೋಣೆಗೆ ಹೋದರು. ಕುಳಿತಲ್ಲಿಂದ ಬಾಗಿಲಿನ ಒಂದು ಪಾಲು ಮಾತ್ರ ನನಗೆ ಕಾಣುತ್ತಿತ್ತು: ದೀಪದ ಬೆಳಕು, ಎಲೆಯ ತುದಿ, ಮೀನಿನ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದ ಹುಡುಗಿಯ ಬೆನ್ನು. ಬಗ್ಗಿದವಳು ಬೇಗ ಏಳಲಿಲ್ಲ. ಅಜ್ಜಿ ಅವಸರ ಮಾಡಲಿಲ್ಲ.

ಮತ್ತೆ ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದರು. ಸಿನಿಮಾದಲ್ಲಾಗಿದ್ದರೆ ಇಲ್ಲಿ ಏನು ಹಾಕುತ್ತಿದ್ದರು ಎಂದು ನಾನು ಯೋಚಿಸಿದೆ. ಹಳಬರು ಪಿಟೀಲು ಹಾಕುತ್ತಿದ್ದರು. ಈಗಿನವರು ಏನನ್ನೂ ಹಾಕುತ್ತಿರಲಿಲ್ಲ, ಮಾಡಿನಿಂದ ಇಳಿಯುವ ನೀರಿನ ಸದ್ದು ಬಿಟ್ಟು. ಈಗಿನವರೇ ಸರಿ. ಪಕ್ಕದ ಮನೆಯಲ್ಲಿ ಕುಕ್ಕರು ಕೂಗಿತು, ಚಿಕ್ಕಪ್ಪ ಸೊಳ್ಳೆ ಹೊಡೆದುಕೊಂಡ.

"ಈಗ ನೀನು ತಟ್ಟು" ಎಂದರು ಅಜ್ಜಿ ಮೊಮ್ಮಗಳಿಗೆ. ಅದು ಮನೆಯ ಹಿರಿಯರು ಮಾಡುವ ಕೆಲಸ. ಚಿಕ್ಕಪ್ಪ ತಾಯಿಯ ಮುಖ ನೋಡಿ, ಮತ್ತೆ ಬೇರೆ ಕಡೆ ನೋಡಿದ.

ಹುಡುಗಿ ಬಾಗಿಲ ಬಳಿ ಹೋಗಿ ಮೆಲ್ಲಗೆ ತಟ್ಟಿದಳು. "ಅಪ್ಪಾ, ಬಾಗಿಲು ತೆಗೀತೇನೆ, ಆಯ್ತಾ?" ಎಂದಳು. ಒಳಗಿರುವವರು ಬಟ್ಟೆ ಬದಲಿಸುತ್ತಿದ್ದಾರೋ ಎಂಬ ಹಾಗೆ ಸ್ವಲ್ಪ ಕಾದಳು. ಮತ್ತೆ ತೆರೆದಳು.

ಮನೆಯವರು ಊಟಕ್ಕೆ ಕುಳಿತರು. ನಾನು ಜಗಲಿಯಲ್ಲೇ ಉಳಿದೆ, ಅದು ಅವರ ಪಂಕ್ತಿ. ಅಜ್ಜಿ ಒಂದು ತಟ್ಟೆಯಲ್ಲಿ ನನಗೆ ಬೇರೆಯೇ ಅನ್ನ, ಗಸಿ ತಂದು ಇಟ್ಟರು. ಒಳಗಿನಿಂದ ಹುಡುಗಿ ಬಾಯಿಯಲ್ಲಿ ಅನ್ನ ಇಟ್ಟುಕೊಂಡೇ, ಅಪ್ಪ ಒಮ್ಮೆ ಮುಳ್ಳು ಸಿಕ್ಕಿಸಿಕೊಂಡ ಕತೆ ಹೇಳಿ ನಗುವುದು ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಅವಳು ಅಪ್ಪನ ಬಗ್ಗೆ ಹಾಗೆ ಜೋರಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ.

ಹೊರಡುವಾಗ ಅಜ್ಜಿ ಮೆಟ್ಟಿಲವರೆಗೆ ಬಂದರು.

"ಬರುವ ವರ್ಷವೂ ಕಾಣೆ ನೀನೇ ತರ್ಬೇಕು" ಎಂದರು.

ಇಂಥ ಸಮಯದಲ್ಲಿ ಸುಮ್ಮನಿರುವ ಜಾತಿ ನನ್ನದಲ್ಲ. "ತರ್ತೇನೆ. ಆದ್ರೆ ಇವಳ ಅಮ್ಮನೂ ಬರ್ಬೇಕು" ಎಂದೆ.

"ಅದು ಬೇರೆ ವ್ಯಾಪಾರ" ಎಂದು ಅವರು ಒಳಗೆ ಹೋದರು.

ಹುಡುಗಿ ನನ್ನ ತೋಳಿಗೆ ಹೊಡೆದಳು. "ಅಂಕಲ್! ಎಲ್ಲ ಸರಿ ಆಗಿತ್ತು. ಯಾಕೆ ನಿಮಗೆ?"

ಇಬ್ಬರೂ ಅಂಗಳಕ್ಕೆ ಇಳಿದಿರಲಿಲ್ಲ, ಅಷ್ಟರಲ್ಲಿ ಅಜ್ಜಿ ಮತ್ತೆ ಬಂದರು. ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿತ್ತು. ಗಸಿಯ ಬಿಸಿ ಹೊರಗೇ ತಿಳಿಯುತ್ತಿತ್ತು. ಅದನ್ನು ನನಗೆ ಕೊಡಲಿಲ್ಲ, ಹುಡುಗಿಯ ಕೈಗೆ ಕೊಟ್ಟರು.

"ಅಮ್ಮನಿಗೆ ಕೊಡು. ಬಿಸಿ ಇರುವಾಗ್ಲೇ ಉಣ್ಣಲಿ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಡಬ್ಬಿ ನನಗೆ ವಾಪಸ್ ಬೇಕು. ನೀನು ತರ್ಬೇಡ. ತೊಳೆದು ಇವಳ ಅಮ್ಮನೇ ತಂದು ಕೊಡ್ಲಿ."